ಮೇಜಿನ ಮೇಲಿನ ರಣರಂಗ: ಸಿದ್ಧ ಸೀನರಿ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಮಿನಿಯೇಚರ್ ವಾರ್‌ಗೇಮ್, ಅಂದರೆ ಪುಟ್ಟ ಬೊಂಬೆ ಸೈನ್ಯಗಳನ್ನು ಮೇಜಿನ ಮೇಲೆ ಕಾದಾಡಿಸುವ ಆಟ, ಅದನ್ನು ಆಡುವವರಿಗೆ ಬೇಕಾದ ಮನೆ, ಗೋಡೆ, ಗುಡ್ಡ, ಕಾಡು, ಹೊಳೆ. ಆಡುವವರ ಬಾಯಲ್ಲಿ ಇದಕ್ಕೆಲ್ಲ ಒಟ್ಟಾಗಿ ಟೆರೇನ್ ಅಥವಾ ಸೀನರಿ ಅಂತ ಹೆಸರು. ಇದನ್ನು ಕೈಯಾರೆ ಮಾಡುವ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಸಿದ್ಧವಾಗಿ ಸಿಗುವುದನ್ನು ಕೊಳ್ಳಲು ಹೊರಟವರಿಗೆ ಮಾತ್ರ ಸರಿಯಾಗಿ ಹೇಳುವವರು ಕಡಿಮೆ. ಹಾಗಾಗಿ ಈ ತಿಂಗಳ ಪುಟಗಳು ಅವರಿಗೇ ಮೀಸಲು.

ಪ್ರಶ್ನೆ: ಎರಡು ಸಣ್ಣ ಸೈನ್ಯಗಳಿಗೆ ಬಣ್ಣ ಹಚ್ಚಿ ಮುಗಿಸಿದ್ದೇನೆ. ಟೇಬಲ್ ಇನ್ನೂ ಬೋಳು. ಸೀನರಿ ಆಟಕ್ಕೆ ನಿಜವಾಗಿ ಬೇಕಾ, ಇಲ್ಲಾ ಬರೀ ಅಂದಕ್ಕಾ?

ಬೇಕೇ ಬೇಕು. ಬೋಳು ಟೇಬಲ್ ಮೇಲೆ ಒಂದು ಆಟ ಆಡಿ ನೋಡಿ, ಗೊತ್ತಾಗುತ್ತದೆ. ದೂರದಿಂದ ಗುಂಡು ಹಾರಿಸುವ ಸೈನ್ಯ ನಿಂತಲ್ಲೇ ನಿಂತು ಎದುರಿನವರನ್ನು ಮುಗಿಸುತ್ತದೆ. ಕತ್ತಿ ಹಿಡಿದು ಓಡಿ ಬರಬೇಕಾದವರು ಅರ್ಧ ದಾರಿಗೇ ಉರುಳುತ್ತಾರೆ. ಆಗ ಯಾರು ಮೊದಲು ಶುರು ಮಾಡಿದರು ಅನ್ನುವುದರಲ್ಲೇ ಆಟ ಮುಗಿದುಹೋಗುತ್ತದೆ, ನಿಮ್ಮ ಲೆಕ್ಕಾಚಾರಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ.

ಮರೆ ಇದ್ದರೆ ಯೋಚನೆ ಶುರುವಾಗುತ್ತದೆ. ಈ ಗೋಡೆಯ ಹಿಂದೆ ನಿಲ್ಲಲೋ, ಇನ್ನೊಂದು ಆರು ಇಂಚು ಓಡಿ ಮನೆ ಸೇರಲೋ? ಹೊಳೆ ದಾಟಿದರೆ ಒಂದು ಸರದಿ ಹೋಗುತ್ತದೆ, ಸೇತುವೆ ಹಿಡಿದರೆ ಗುಂಡಿಗೆ ಸಿಗಬೇಕಾಗುತ್ತದೆ. ವಾರ್‌ಗೇಮ್‌ನ ರುಚಿ ಇರುವುದೇ ಇಂಥ ನಿರ್ಧಾರಗಳಲ್ಲಿ.

ಎಷ್ಟು ಬೇಕು ಅಂದರೆ, ಟೇಬಲ್‌ನ ಕಾಲು ಭಾಗ ತುಂಬುವಷ್ಟು ಇಟ್ಟು ಶುರು ಮಾಡಿ. ಅದರಲ್ಲಿ ಒಂದೆರಡು ದೊಡ್ಡ ತುಂಡುಗಳು ನೋಟವನ್ನು ಪೂರ್ತಿ ತಡೆಯುವಂಥವು ಇರಲಿ, ಅವು ನಡುವಿನ ಆಸುಪಾಸಿನಲ್ಲಿರಲಿ. ಆಮೇಲೆ ನಿಮ್ಮ ಸೈನ್ಯ ನಿಲ್ಲುವ ಅಂಚಿಗೆ ಬಗ್ಗಿ, ಬೊಂಬೆಯ ಕಣ್ಣಿನ ಮಟ್ಟದಿಂದ ಎದುರು ಅಂಚನ್ನು ನೋಡಿ. ಇಡೀ ಎದುರು ಸಾಲು ಒಂದೇ ನೋಟಕ್ಕೆ ಕಂಡರೆ ಸೀನರಿ ಸಾಲದು ಅಂತಲೇ ಅರ್ಥ.

ಪ್ರಶ್ನೆ: 28 ಮಿ.ಮೀ., 1/56, 1/48, 1/72 ಅಂತೆಲ್ಲ ಡಬ್ಬಿ ಮೇಲೆ ಬರೆದಿರುತ್ತಾರೆ. ನನ್ನ ಬೊಂಬೆಗಳು 28 ಮಿ.ಮೀ. ಯಾವ ಮನೆ ಕೊಳ್ಳಲಿ? ರೈಲು ಮಾಡೆಲ್‌ಗೆ ಮಾಡಿದ ಮನೆ ಆಗುತ್ತಾ?

ಅತಿ ಹೆಚ್ಚು ದುಡ್ಡು ಪೋಲಾಗುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

28 ಮಿ.ಮೀ. ಅನ್ನುವುದು ಬೊಂಬೆಯ ಅಳತೆ. ಸಾಮಾನ್ಯವಾಗಿ ಪಾದದಿಂದ ಕಣ್ಣಿನ ಮಟ್ಟದವರೆಗೆ ಅಳೆಯುತ್ತಾರೆ, ಕೆಲವರು ನೆತ್ತಿಯವರೆಗೂ ಅಳೆಯುತ್ತಾರೆ. 1/56 ಅನ್ನುವುದು ಅನುಪಾತ. ಮನುಷ್ಯನ ಕಣ್ಣು ನೆಲದಿಂದ ಸುಮಾರು 1.6 ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ, ಅದನ್ನು 56ರಿಂದ ಭಾಗಿಸಿದರೆ 28 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಅದಕ್ಕೇ ಈ ಎರಡೂ ಜೋಡಿಯಾಗಿ ಓಡಾಡುತ್ತವೆ. 15 ಮಿ.ಮೀ. ಬೊಂಬೆಗೆ 1/100, 20 ಮಿ.ಮೀ.ಗೆ 1/72 ಅಥವಾ 1/76, 6 ಮಿ.ಮೀ.ಗೆ 1/285 ಅಥವಾ 1/300.

ಈಗ ಒಂದು ಬಾಗಿಲು ತೆಗೆದುಕೊಳ್ಳಿ. ನಿಜವಾದ ಬಾಗಿಲು 2 ಮೀಟರ್ ಎತ್ತರ. ಅದು 1/48ರಲ್ಲಿ ಸುಮಾರು 42 ಮಿ.ಮೀ., 1/56ರಲ್ಲಿ 36, 1/72ರಲ್ಲಿ 28, 1/87ರಲ್ಲಿ 23. ನಿಮ್ಮ ಬೊಂಬೆ ಕಣ್ಣಿನವರೆಗೆ 28. ತಲೆ, ಟೋಪಿ ಸೇರಿಸಿದರೆ 32 ಹತ್ತಿರ. ಕಾಲ ಕೆಳಗೆ 3 ಮಿ.ಮೀ. ದಪ್ಪದ ಬೇಸ್ ಬೇರೆ ಇದೆ. ಒಟ್ಟು 35. ಅಂದರೆ 1/56ರ ಬಾಗಿಲಲ್ಲಿ ತಲೆ ತಾಗುವುದೊಂದೇ ಬಾಕಿ, 1/72ರ ಬಾಗಿಲು ಅವನ ಮೂಗಿನ ಮಟ್ಟಕ್ಕೆ ಬರುತ್ತದೆ. ರೈಲು ಮಾಡೆಲ್‌ಗಳಲ್ಲಿ ಜಾಸ್ತಿ ಸಿಗುವ ಎಚ್‌ಒ ಅಂದರೆ 1/87, ಓಓ ಅಂದರೆ 1/76. ಎರಡೂ 28ರ ಬೊಂಬೆಗೆ ಚಿಕ್ಕವು. 20 ಮಿ.ಮೀ. ಆಡುವವರಿಗೆ ಅವು ಚೆನ್ನಾಗಿ ಹೊಂದುತ್ತವೆ. 1/160ರ ಎನ್ ಅಳತೆಯ ಮನೆಗಳು 10 ಮಿ.ಮೀ. ಸೈನ್ಯಕ್ಕೆ ಸರಿ. 28ಕ್ಕೆ ರೈಲಿನ ಕಡೆಯಿಂದಲೇ ತರಬೇಕು ಅಂದರೆ ಓ ಅಳತೆ ನೋಡಿ, ಅದು 1/43ರಿಂದ 1/48ರವರೆಗೆ ಇರುತ್ತದೆ. ಬಾಗಿಲು, ಕಿಟಕಿ ಸ್ವಲ್ಪ ದೊಡ್ಡದಾಗಿ ಕಂಡರೂ ಬೇಸ್ ಮೇಲೆ ನಿಂತ ಬೊಂಬೆಯ ಪಕ್ಕದಲ್ಲಿ ಅಷ್ಟು ಎದ್ದು ಕಾಣುವುದಿಲ್ಲ.

ಗುಡಿ, ಗೋಪುರ, ಬಂಡೆ, ಪಾಳುಗೋಡೆ ಇವಕ್ಕೆಲ್ಲ ಸ್ಕೇಲ್ ಚಿಂತೆ ಕಡಿಮೆ, ಯಾಕೆಂದರೆ ನಿಜ ಜೀವನದಲ್ಲೂ ಇವು ಯಾವ ಗಾತ್ರದಲ್ಲಾದರೂ ಇರಬಹುದು. ಕಣ್ಣು ಅಳತೆ ಹಿಡಿಯುವುದು ಬಾಗಿಲು, ಮೆಟ್ಟಿಲು, ಕಿಟಕಿ, ಇಟ್ಟಿಗೆ ನೋಡಿ. ಅವು ಸರಿ ಇದ್ದರೆ ಉಳಿದದ್ದನ್ನು ಕಣ್ಣು ಒಪ್ಪಿಕೊಳ್ಳುತ್ತದೆ.

ಇನ್ನೊಂದು ಮಾತು. ಕೊಳ್ಳುವ ಮೊದಲು ಬೇಸ್ ಅಗಲ ನೋಡಿ, ಇದನ್ನು ಯಾರೂ ಹೇಳುವುದಿಲ್ಲ. 90 ಸೆಂ.ಮೀ. ಅಗಲದ ನಿಜವಾದ ಬಾಗಿಲು 1/56ರಲ್ಲಿ 16 ಮಿ.ಮೀ. ಮಾತ್ರ. ನಿಮ್ಮ ಬೊಂಬೆಯ ಬೇಸ್ 25 ಅಥವಾ 32. ತೂರುವುದೇ ಇಲ್ಲ. ಬೊಂಬೆ ಬಾಗಿಲು ದಾಟಿತು ಅಂತ ನಿಯಮವೇ ಒಪ್ಪಿಕೊಂಡರೆ ತೊಂದರೆ ಇಲ್ಲ. ಆದರೆ ಕಿರು ಓಣಿ, ಮೆಟ್ಟಿಲು, ಕೋಟೆ ಗೋಡೆಯ ಮೇಲಿನ ದಾರಿ, ಇಲ್ಲೆಲ್ಲ ಬೊಂಬೆ ನಿಜವಾಗಿ ನಿಲ್ಲಬೇಕು. ನೋಡಲು ಸೊಗಸಾದ ಕೋಟೆಯ ಗೋಡೆ 20 ಮಿ.ಮೀ. ಅಗಲ ಇದ್ದರೆ ಅದರ ಮೇಲೆ ಒಬ್ಬ ಬಿಲ್ಲುಗಾರನೂ ನಿಲ್ಲಲಾರ. ಮಾರುವವರ ಚಿತ್ರದಲ್ಲಿ ಇದು ಗೊತ್ತಾಗುವುದಿಲ್ಲ. ಅಳತೆ ಕೇಳಿ, ಕಾಗದದ ಮೇಲೆ ಗೆರೆ ಎಳೆದು, ನಿಮ್ಮ ಬೊಂಬೆಯನ್ನೇ ಅದರ ಮೇಲೆ ಇಟ್ಟು ನೋಡಿ.

ಪ್ರಶ್ನೆ: ಸಿದ್ಧ ಮನೆಗಳೆಲ್ಲ ಪುಟ್ಟ ಪುಟ್ಟದಾಗಿ ಕಾಣುತ್ತವೆ. ಒಂದು ಮನೆಯಲ್ಲಿ ಹತ್ತು ಬೊಂಬೆ ಹಿಡಿಸಿದರೆ ಹೆಚ್ಚು. ತಯಾರಕರು ಮೋಸ ಮಾಡುತ್ತಿದ್ದಾರಾ?

ಇಲ್ಲ, ಅವರು ಬೇಕಂತಲೇ ಕುಗ್ಗಿಸುತ್ತಾರೆ. ಆಟದಲ್ಲಿ ಎರಡು ಅಳತೆಗಳಿವೆ, ಬೊಂಬೆಯದ್ದು ಒಂದು, ನೆಲದ್ದು ಇನ್ನೊಂದು. ಉದಾಹರಣೆಗೆ ಎರಡನೇ ಮಹಾಯುದ್ಧದ ಬೋಲ್ಟ್ ಆ್ಯಕ್ಷನ್ ಆಟದಲ್ಲಿ ರೈಫಲ್ ಗುಂಡು 24 ಇಂಚು ಹೋಗುತ್ತದೆ. 1/56ರ ಲೆಕ್ಕದಲ್ಲಿ ಅದು ಬರೀ 34 ಮೀಟರ್. ನಿಜವಾದ ರೈಫಲ್ ನೂರಾರು ಮೀಟರ್ ಹೊಡೆಯುತ್ತದೆ. ಅಂದರೆ ನೆಲವನ್ನು ಆಗಲೇ ಚೆನ್ನಾಗಿ ಮಡಚಿ ಟೇಬಲ್ ಮೇಲೆ ಇಟ್ಟಿದ್ದಾರೆ. ಅಂಥ ನೆಲದ ಮೇಲೆ ನಿಜವಾದ ಅಳತೆಯ ದೊಡ್ಡ ಮನೆ ಇಟ್ಟರೆ ಅದೇ ಅರ್ಧ ಟೇಬಲ್ ನುಂಗುತ್ತದೆ. ಅದಕ್ಕೆ ಎತ್ತರವನ್ನು ಬೊಂಬೆಗೆ ಹೊಂದಿಸಿ, ಉದ್ದ ಅಗಲವನ್ನು ಕಡಿಮೆ ಮಾಡುತ್ತಾರೆ.

ದೊಡ್ಡ ಸೈನ್ಯಗಳ ಆಟದಲ್ಲಂತೂ ಮೂರು ಮನೆ ಇಟ್ಟರೆ ಅದೇ ಒಂದು ಹಳ್ಳಿ. ಅಂಥ ಆಟ ಆಡುವ ಹಳಬರು ಮನೆಗಳನ್ನು ಬೊಂಬೆಗಿಂತ ಒಂದು ಅಳತೆ ಕೆಳಗಿನದನ್ನೇ ಕೊಳ್ಳುತ್ತಾರೆ, 15 ಮಿ.ಮೀ. ಸೈನ್ಯಕ್ಕೆ 10 ಮಿ.ಮೀ. ಮನೆಗಳು. ಮೇಲಿನಿಂದ ನೋಡಿದರೆ ಹಳ್ಳಿ ಹಳ್ಳಿಯ ಹಾಗೇ ಕಾಣುತ್ತದೆ. ಹತ್ತಿಪ್ಪತ್ತು ಬೊಂಬೆಗಳ ಸ್ಕರ್ಮಿಶ್ ಆಟಕ್ಕೆ ಮಾತ್ರ ಈ ಉಪಾಯ ಬೇಡ. ಅಲ್ಲಿ ಪ್ರತಿ ಬಾಗಿಲೂ ಕಿಟಕಿಯೂ ಲೆಕ್ಕಕ್ಕೆ ಬರುತ್ತದೆ, ಛಾವಣಿ ಎತ್ತಿ ಒಳಗೆ ಬೊಂಬೆ ಇಡಲು ಬರುವಂಥ ಮನೆಯೇ ಬೇಕು.

ಪ್ರಶ್ನೆ: ಎಂಡಿಎಫ್, ರೆಸಿನ್, ಪ್ಲಾಸ್ಟಿಕ್, ಕಾರ್ಡ್‌ಬೋರ್ಡ್. ಇದರಲ್ಲಿ ಯಾವುದು ಒಳ್ಳೆಯದು?

ಒಂದೊಂದೂ ಒಂದೊಂದಕ್ಕೆ ಒಳ್ಳೆಯದು. ಎಲ್ಲವನ್ನೂ ಒಂದರಲ್ಲೇ ಹುಡುಕಬೇಡಿ.

ಎಂಡಿಎಫ್ ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಇದನ್ನು 2 ಅಥವಾ 3 ಮಿ.ಮೀ. ದಪ್ಪದಲ್ಲಿ ಲೇಸರ್‌ನಿಂದ ಕತ್ತರಿಸಿ ಕೊಡುತ್ತಾರೆ. ನೇರ ಗೋಡೆ, ಚೌಕ ಕಟ್ಟಡ, ಗೋದಾಮು, ಭವಿಷ್ಯದ ನಗರ, ಇವಕ್ಕೆಲ್ಲ ಇದನ್ನು ಮೀರಿಸುವುದು ಇಲ್ಲ. ಹಗುರ, ಗಟ್ಟಿ, ಬಿಳಿ ಫೆವಿಕಾಲ್ ಥರದ ಅಂಟಿನಲ್ಲೇ ಕೂರುತ್ತದೆ. ಕೊರತೆ ಎರಡು. ಲೇಸರ್ ಸುಟ್ಟ ಅಂಚು ಕಂದು ಬಣ್ಣಕ್ಕೆ ತಿರುಗಿ ಮಸಿ ಬಿಡುತ್ತದೆ. ಮೂಲೆಗಳಲ್ಲಿ ಒಂದಕ್ಕೊಂದು ಸಿಕ್ಕಿಸಿದ ಹಲ್ಲುಗಳು ಎದ್ದು ಕಾಣುತ್ತವೆ. ಅಂಚನ್ನು ಹಗುರವಾಗಿ ಉಜ್ಜಿ, ಮೂಲೆಗೆ ಫಿಲ್ಲರ್ ತುಂಬಿ ಅಥವಾ ತೆಳು ಕಾರ್ಡಿನ ಪಟ್ಟಿ ಅಂಟಿಸಿ, ಎರಡೂ ಮಾಯ. ನೀರಾದ ಬಣ್ಣವನ್ನು ಮಾತ್ರ ನೇರವಾಗಿ ಧಾರಾಳವಾಗಿ ಹಚ್ಚಬೇಡಿ, ಹಲಗೆ ನೀರು ಕುಡಿದು ಉಬ್ಬುತ್ತದೆ. ಮೊದಲು ಪ್ರೈಮರ್ ಒಂದು ಪದರ ಹೊಡೆಯಿರಿ.

ರೆಸಿನ್ ಅಂದರೆ ದ್ರವವಾಗಿ ಅಚ್ಚಿಗೆ ಹೊಯ್ದು ಗಟ್ಟಿಯಾಗಲು ಬಿಡುವ ರಾಳದಂಥ ವಸ್ತು. ತೂಕದ್ದು, ಕೆತ್ತನೆ ಬಹಳ ಸೂಕ್ಷ್ಮ. ಪಾಳುಬಿದ್ದ ಕಲ್ಲುಗೋಡೆ, ಬಾವಿ, ಮೂರ್ತಿ, ಮರಳಿನ ಚೀಲಗಳ ಸಾಲು, ಒಂದೇ ತುಂಡಾಗಿ ಬರುವ ಗುಡಿಸಲು, ಇಂಥವಕ್ಕೆ ಹೇಳಿ ಮಾಡಿಸಿದ್ದು. ಕೆಳಗೆ ಬಿದ್ದರೆ ಒಡೆಯುತ್ತದೆ. ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನೀರು ಹಾಕಿಕೊಂಡು ಉಜ್ಜಿ, ಮುಖಕ್ಕೆ ಧೂಳು ತಡೆಯುವ ಮಾಸ್ಕ್ ಹಾಕಿ. ಇದರಲ್ಲಿ ಉದಾಸೀನ ಬೇಡ.

ಅಚ್ಚಿನಲ್ಲಿ ಎರಕ ಹೊಯ್ದ ಗಟ್ಟಿ ಪ್ಲಾಸ್ಟಿಕ್ ನನಗೆ ಎಲ್ಲಕ್ಕಿಂತ ಇಷ್ಟ. ರೆಸಿನ್‌ನಷ್ಟೇ ಚೊಕ್ಕ, ತೂಕ ಇಲ್ಲ, ಬಿದ್ದರೂ ಬದುಕುತ್ತದೆ. ಪ್ಲಾಸ್ಟಿಕ್ ಅಂಟು ಎರಡೂ ಮೈಯನ್ನು ಕರಗಿಸಿ ಒಂದು ಮಾಡುವುದರಿಂದ ಜೋಡಣೆ ಬಲು ಭದ್ರ. ಬೇರೆ ಬೇರೆ ಸೆಟ್‌ಗಳ ತುಂಡು ಸೇರಿಸಿ ನಿಮ್ಮದೇ ಕಟ್ಟಡ ಮಾಡಿಕೊಳ್ಳಬಹುದು. ಕಷ್ಟ ಒಂದೇ, ಹೆಚ್ಚಿನವು ಬಣ್ಣ ಇಲ್ಲದೆ ತುಂಡುತುಂಡಾಗಿ ಬರುತ್ತವೆ. ಸಿದ್ಧ ಅಂದುಕೊಂಡು ಡಬ್ಬಿ ತೆರೆದವರಿಗೆ ಒಂದು ವಾರದ ಕೆಲಸ ಕಾದಿರುತ್ತದೆ.

ಬಣ್ಣದ ಚಿತ್ರ ಮುದ್ರಿಸಿದ ದಪ್ಪ ಕಾರ್ಡಿನ ಸೀನರಿಯನ್ನು ಕೀಳಾಗಿ ನೋಡಬೇಡಿ. ಡಬ್ಬಿ ತೆರೆದು ಸಿಕ್ಕಿಸಿದರೆ ಮುಗಿಯಿತು, ಅದೇ ದಿನ ಆಟ. ಬಿಚ್ಚಿಟ್ಟರೆ ಒಂದು ಪುಸ್ತಕದಷ್ಟು ಜಾಗ. ತೇವ ಇರುವ ಕಡೆ ಮಾತ್ರ ಇಡಬೇಡಿ.

ಪ್ರಶ್ನೆ: ಗೆಳೆಯ ಹೇಳುತ್ತಾನೆ, ಸೀನರಿ ಕೈಯಾರೆ ಮಾಡಿದರೆ ಮಾತ್ರ ನಿಜವಾದ ಹವ್ಯಾಸ, ಸಿದ್ಧವಾದದ್ದು ಕೊಳ್ಳುವುದು ಸೋಮಾರಿತನ ಅಂತ. ಹೌದಾ?

ಒಪ್ಪುವುದಿಲ್ಲ. ಸಿದ್ಧ ಸೀನರಿ ಈ ಆಟದಷ್ಟೇ ಹಳೆಯದು. ಪ್ರಷ್ಯಾದ ಗೇಯೋರ್ಗ್ ಲೆಯೊಪೋಲ್ಡ್ ಫಾನ್ ರೈಸ್‌ವಿಟ್ಸ್ 1812ರಲ್ಲಿ ರಾಜ ಮೂರನೇ ಫ್ರೆಡರಿಕ್ ವಿಲ್ಹೆಲ್ಮ್‌ಗೆ ಒಂದು ಯುದ್ಧದಾಟದ ಮೇಜನ್ನೇ ಮಾಡಿಸಿಕೊಟ್ಟರು. ಅದರ ನೆಲ ಪೂರ್ತಿ ಚೌಕ ತುಂಡುಗಳದ್ದು. ಗುಡ್ಡ, ಹೊಳೆ, ದಾರಿ ಎಲ್ಲ ಅದರ ಮೇಲೇ ಮೂಡಿದ್ದವು, ತುಂಡುಗಳನ್ನು ಬೇಕಾದ ಹಾಗೆ ಜೋಡಿಸಿ ಹೊಸ ರಣರಂಗ ಮಾಡಬಹುದಿತ್ತು. ಇವತ್ತು ಡಬ್ಬಿಯಲ್ಲಿ ಬರುವ ಜೋಡಿಸುವ ಟೈಲ್‌ಗಳ ಹಿಂದಿನ ಯೋಚನೆಯೂ ಇದೇ, ಅಲ್ವಾ? ಆಮೇಲೆ ಅವರ ಮಗ 1824ರಲ್ಲಿ ಅದನ್ನು ಬಿಟ್ಟು ನಕಾಶೆಯ ಮೇಲೆ ಆಡುವ ಪದ್ಧತಿ ತಂದರು, ಸೈನ್ಯದ ಅಧಿಕಾರಿಗಳಿಗೆ ಅದು ಅನುಕೂಲವಾಯಿತು.

ಕೈಯಾರೆ ಮಾಡುವ ದಾರಿಯೂ ಅಷ್ಟೇ ಗೌರವದ್ದು. ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ತಮ್ಮ ಬೊಂಬೆ ಯುದ್ಧದ ನಿಯಮಗಳನ್ನು ಪುಸ್ತಕ ಮಾಡಿದಾಗ ಅವರ ಊರು ಕೋಟೆಗಳೆಲ್ಲ ಮಕ್ಕಳ ಮರದ ಇಟ್ಟಿಗೆ, ಹಲಗೆ, ಕಡ್ಡಿಗಳಿಂದ ನೆಲದ ಮೇಲೆ ಎದ್ದವು. ಅವರು ಮನೆಯಲ್ಲಿದ್ದ ಆಟಿಕೆಗಳನ್ನೇ ಎತ್ತಿಕೊಂಡರು ಅನ್ನುವುದನ್ನೂ ಗಮನಿಸಿ.

ಕೆಲವರಿಗೆ ಬೊಂಬೆಗೆ ಬಣ್ಣ ಹಚ್ಚುವುದು ಇಷ್ಟ, ಕೆಲವರಿಗೆ ಇತಿಹಾಸ ಓದುವುದು, ಕೆಲವರಿಗೆ ಆಡುವುದು. ವಾರಕ್ಕೆ ಒಂದೇ ಸಂಜೆ ಬಿಡುವು ಇರುವವರು ಆ ಸಂಜೆ ಥರ್ಮಾಕೋಲ್ ಕತ್ತರಿಸಬೇಕೋ, ಗೆಳೆಯರ ಜೊತೆ ಆಡಬೇಕೋ ಅನ್ನುವುದನ್ನು ಅವರೇ ತೀರ್ಮಾನಿಸಲಿ. ನಿಮ್ಮ ಗೆಳೆಯನಿಗೆ ಮಾಡುವುದು ಇಷ್ಟ ಆದರೆ ಗುಡ್ಡಗಳನ್ನು ಅವನೇ ಮಾಡಲಿ, ಮನೆಗಳನ್ನು ನೀವು ತನ್ನಿ.

ಪ್ರಶ್ನೆ: ಬಣ್ಣ ಹಚ್ಚಿಯೇ ಬರುವ ಮನೆಗಳನ್ನು ತಂದೆ. ನನ್ನ ಬೊಂಬೆಗಳ ಪಕ್ಕ ಇಟ್ಟರೆ ಆಟಿಕೆಯ ಹಾಗೆ ಕಾಣುತ್ತವೆ. ಟೇಬಲ್ ಮೇಲೆ ಹಾಸಿದ ಮ್ಯಾಟ್‌ಗೂ ಹೊಂದುತ್ತಿಲ್ಲ. ಏನಾದರೂ ಮಾಡಬಹುದಾ?

ಖಂಡಿತ. ಒಂದು ಸಂಜೆ ಸಾಕು. ಕಾರ್ಖಾನೆಯಲ್ಲಿ ಹಚ್ಚುವವರು ಒಂದು ತಳದ ಬಣ್ಣ, ಅದರ ಮೇಲೆ ಒಂದು ತಿಳಿ ಬಣ್ಣ ಹಚ್ಚಿ ಕಳಿಸುತ್ತಾರೆ. ಸಂದುಗಳಲ್ಲಿ ಕತ್ತಲೆ ಇರುವುದಿಲ್ಲ, ಮೇಲ್ಮೈ ಸ್ವಲ್ಪ ಹೊಳೆಯುತ್ತದೆ, ಬುಡದಲ್ಲಿ ಮನೆ ನೆಲಕ್ಕೆ ಅಂಟಿದ ಹಾಗೆ ಕಾಣುವುದಿಲ್ಲ. ಮೂರನ್ನೂ ಸರಿಮಾಡೋಣ.

ಒಂದು ಕಲ್ಲುಗೋಡೆಯ ಮನೆ ಇದೆ ಅಂದುಕೊಳ್ಳಿ. ಮೊದಲು ಮೈಮೇಲಿನ ಧೂಳು ಒರೆಸಿ. ಗಾಢ ಕಂದು ವಾಶ್, ಅಂದರೆ ಸಂದಿಗೆ ಇಳಿಯುವ ನೀರಾದ ಬಣ್ಣ, ಅದನ್ನು ಗೋಡೆಯ ಬುಡ, ಛಾವಣಿಯ ಅಡಿ, ಕಿಟಕಿಯ ಸುತ್ತ ಜಾಸ್ತಿ, ಉಳಿದ ಕಡೆ ಕಡಿಮೆ ಬಳಿಯಿರಿ. ಕಲ್ಲು ಕಲ್ಲಿನ ನಡುವೆ ಬಣ್ಣ ತಾನಾಗಿ ಹರಿದು ನಿಲ್ಲುವುದು ಕಣ್ಣೆದುರಿಗೇ ಕಾಣುತ್ತದೆ, ಅಷ್ಟರಲ್ಲೇ ಅರ್ಧ ಬದಲಾವಣೆ ಆಗಿಹೋಗುತ್ತದೆ. ಕೊಚ್ಚೆಯ ಹಾಗೆ ಮಡುಗಟ್ಟಿದ ಕಡೆ ಒಣ ಬ್ರಷ್‌ನಿಂದ ಹೀರಿಸಿ. ಪೂರ್ತಿ ಒಣಗಿದ ಮೇಲೆ ತಿಳಿ ಮರಳಿನ ಬಣ್ಣವನ್ನು ಬ್ರಷ್‌ಗೆ ಹಚ್ಚಿ, ಬಟ್ಟೆಯಲ್ಲಿ ಒರೆಸಿ ಒರೆಸಿ ಬಹುತೇಕ ಖಾಲಿ ಮಾಡಿ, ಆಮೇಲೆ ಕಲ್ಲಿನ ಏಣುಗಳ ಮೇಲೆ ಹಗುರವಾಗಿ ಸವರಿ. ಇದೇ ಡ್ರೈಬ್ರಷ್. ಬುಡದ ಸುತ್ತ ಬಿಳಿ ಅಂಟು ಹಚ್ಚಿ, ನಿಮ್ಮ ಬೊಂಬೆಗಳ ಬೇಸ್‌ಗೆ ಏನು ಹಾಕಿದ್ದೀರೋ ಅದೇ ಮರಳು, ಅದೇ ಹುಲ್ಲು ಉದುರಿಸಿ. ಬೇರೆ ಬೇರೆ ಕಡೆಯಿಂದ ತಂದ ಸೀನರಿ, ಮ್ಯಾಟ್, ಸೈನ್ಯ ಮೂರೂ ಒಂದೇ ಊರಿನವು ಅನ್ನಿಸುವುದು ಈ ಹುಲ್ಲಿನಿಂದಲೇ. ಕೊನೆಗೆ ಹೊಳಪಿಲ್ಲದ ಬಗೆಯ ವಾರ್ನಿಷ್ ಹಚ್ಚಿ, ಮನೆಯ ಹೊಳಪು ಹೋಗುತ್ತದೆ. ಮಳೆ ಬರುತ್ತಿರುವ, ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಮಾತ್ರ ಸ್ಪ್ರೇ ವಾರ್ನಿಷ್ ಮುಟ್ಟಬೇಡಿ, ಬಿಳಿ ಮಂಜು ಹಿಡಿದ ಹಾಗೆ ಆಗುತ್ತದೆ.

ಪ್ರಶ್ನೆ: ರೆಸಿನ್ ಗೋಡೆ ಡೊಂಕಾಗಿ ಬಂದಿದೆ, ಬಣ್ಣವೂ ಕಿತ್ತು ಬರುತ್ತಿದೆ. ಇನ್ನೊಂದು ಮೆತ್ತನೆ ಪ್ಲಾಸ್ಟಿಕ್ ತುಂಡಿಗೆ ಸ್ಪ್ರೇ ಹೊಡೆದೆ, ವಾರವಾದರೂ ಜಿಗುಟು ಹೋಗಿಲ್ಲ.

ರೆಸಿನ್ ಮೊದಲು. ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ತಯಾರಕರು ಒಂದು ಜಿಡ್ಡು ಹಚ್ಚುತ್ತಾರೆ. ಅದು ತುಂಡಿನ ಮೇಲೆ ಉಳಿದರೆ ಯಾವ ಬಣ್ಣವೂ ಹಿಡಿಯುವುದಿಲ್ಲ. ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ಹಳೆಯ ಟೂತ್‌ಬ್ರಷ್ ಹಾಕಿ ತಿಕ್ಕಿ ತೊಳೆದು ಒಣಗಿಸಿ, ಆಮೇಲೆ ಪ್ರೈಮರ್. ಕಿತ್ತು ಬರುತ್ತಿರುವ ಬಣ್ಣದ ಮೇಲೆ ಇನ್ನೊಂದು ಪದರ ಹೊಡೆದು ಪ್ರಯೋಜನ ಇಲ್ಲ, ಅದನ್ನು ತೆಗೆದೇ ಶುರು ಮಾಡಬೇಕು. ಡೊಂಕಿಗೆ ಬಿಸಿ ನೀರೇ ಮದ್ದು. ತುಂಡನ್ನು ಅದರಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ, ಮೆತ್ತಗಾದ ಮೇಲೆ ಸಮತಟ್ಟಾದ ಹಲಗೆಯ ಮೇಲೆ ನಿಧಾನವಾಗಿ ಒತ್ತಿ ಹಿಡಿದು, ಹಾಗೇ ತಣ್ಣೀರಿಗೆ ಇಳಿಸಿ. ಕೈ ಸುಟ್ಟುಕೊಳ್ಳಬೇಡಿ, ಇಕ್ಕಳ ಬಳಸಿ. ಬಣ್ಣ ಹಚ್ಚುವ ಮೊದಲೇ ಇದನ್ನು ಮಾಡಿ ಮುಗಿಸಿ.

ಜಿಗುಟಿನ ಕತೆ ಬೇರೆ. ಮೆತ್ತನೆ ಪಿವಿಸಿಯಲ್ಲಿ ಅದನ್ನು ಮೆತ್ತಗಿಡುವ ಒಂದು ಪದಾರ್ಥ ಬೆರೆಸಿರುತ್ತಾರೆ. ಕೆಲವು ಸ್ಪ್ರೇಗಳ ದ್ರಾವಕಕ್ಕೂ ಅದಕ್ಕೂ ಆಗಿಬರುವುದಿಲ್ಲ, ಬಣ್ಣ ಒಣಗುವುದೇ ಇಲ್ಲ. ಇಂಥ ತುಂಡಿಗೆ ಬ್ರಷ್‌ನಿಂದ ಹಚ್ಚುವ ಅಕ್ರಿಲಿಕ್ ಪ್ರೈಮರ್ ಸರಿ. ಸ್ಪ್ರೇಯೇ ಬೇಕು ಅಂದರೆ ಮೊದಲು ಕಾಣದ ಅಡಿಭಾಗದಲ್ಲಿ ಒಂದು ಚೂರು ಹೊಡೆದು ಒಂದೆರಡು ದಿನ ಬಿಟ್ಟು ಮುಟ್ಟಿ ನೋಡಿ. ಥರ್ಮಾಕೋಲ್ ಸೀನರಿಗೂ ಇದೇ ಎಚ್ಚರ ಇರಲಿ. ಸ್ಪ್ರೇ ನೇರವಾಗಿ ಬಿದ್ದರೆ ಅದು ಕರಗಿ ಹೊಂಡ ಬೀಳುತ್ತದೆ, ಮೊದಲು ಬಿಳಿ ಅಂಟು ಬೆರೆಸಿದ ಬಣ್ಣ ಬಳಿದು ಮುಚ್ಚಬೇಕು.

ಅಂಟಿನ ಬಗ್ಗೆಯೂ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಅಂಟು ರೆಸಿನ್ ಮೇಲೆ ಕೆಲಸ ಮಾಡುವುದಿಲ್ಲ, ಅಲ್ಲಿ ಸೂಪರ್‌ಗ್ಲೂ ಬೇಕು. ಆದರೆ ಪಾರದರ್ಶಕ ಕಿಟಕಿ ಗಾಜಿನ ಹತ್ತಿರ ಸೂಪರ್‌ಗ್ಲೂ ತರಬೇಡಿ, ಅದರ ಹಬೆಗೆ ಗಾಜು ಬೆಳ್ಳಗಾಗುತ್ತದೆ. ಬಿಳಿ ಅಂಟು ಒಣಗಿದ ಮೇಲೆ ಕಾಣುವುದಿಲ್ಲ, ಅದೇ ಒಳ್ಳೆಯದು.

ಪ್ರಶ್ನೆ: ಮ್ಯಾಟ್ ಯಾವುದು, ಎಷ್ಟು ದೊಡ್ಡದು?

ಅಳತೆ ನಿಮ್ಮ ಆಟ ಹೇಳುತ್ತದೆ. ಹಳೆಯ ವಾಡಿಕೆ 6 ಅಡಿಗೆ 4 ಅಡಿ, ಬೋಲ್ಟ್ ಆ್ಯಕ್ಷನ್ ಇವತ್ತಿಗೂ ಅಷ್ಟರಲ್ಲೇ ನಡೆಯುತ್ತದೆ. ದೂರದ ಭವಿಷ್ಯದ ಯುದ್ಧದ ಆಟವಾದ ವಾರ್‌ಹ್ಯಾಮರ್ 40,000 ಆಡುವವರು 2000 ಪಾಯಿಂಟ್ ಬೆಲೆಯ ಸೈನ್ಯಗಳ ಆಟಕ್ಕೆ 60 ಇಂಚಿಗೆ 44 ಇಂಚು ಬಳಸುತ್ತಾರೆ. ಅದೇ ಕಂಪನಿಯ ಚಿಕ್ಕ ಆಟ ಕಿಲ್ ಟೀಮ್‌ಗೆ 30ಕ್ಕೆ 22 ಇಂಚು ಸಾಕು. ಡಿಬಿಎ (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್, ಪ್ರಾಚೀನ ಕಾಲದ ಯುದ್ಧಗಳ ಆಟ) ಥರದ ಆಟ 15 ಮಿ.ಮೀ. ಬೊಂಬೆಗಳಲ್ಲಿ ಸುಮಾರು 2 ಅಡಿ ಚೌಕದಲ್ಲೇ ಮುಗಿಯುತ್ತದೆ. ಜಾಗ ಕಡಿಮೆ ಇದ್ದವರು ಸೀನರಿ ಕೊಳ್ಳುವ ಮೊದಲು ಇಂಥ ಚಿಕ್ಕ ಆಟದ ಬಗ್ಗೆ ಯೋಚಿಸಿ, ನಾಲ್ಕಾರು ತುಂಡಿಗೇ ಟೇಬಲ್ ತುಂಬಿ ಚೆಂದ ಕಾಣುತ್ತದೆ.

ಬಟ್ಟೆ ಅಗ್ಗ, ಆದರೆ ಸುಕ್ಕಾಗುತ್ತದೆ. ವಿನೈಲ್ ಒರೆಸಲು ಸುಲಭ, ಬೆಳಕು ಬಿದ್ದರೆ ಹೊಳೆಯುತ್ತದೆ. ಮೌಸ್‌ಪ್ಯಾಡ್‌ಗೆ ಬಳಸುವ ನಿಯೊಪ್ರಿನ್‌ನ ಮ್ಯಾಟ್‌ಗೇ ನನ್ನ ಓಟು. ಬೊಂಬೆ ಜಾರುವುದಿಲ್ಲ, ದಾಳ ಸದ್ದು ಮಾಡುವುದಿಲ್ಲ, ಸುತ್ತಿಟ್ಟು ಬಿಡಿಸಿದರೂ ಸಮತಟ್ಟಾಗಿ ಕೂರುತ್ತದೆ. ಚಿತ್ರ ಆರಿಸುವಾಗ ಮಾತ್ರ ಸಾದಾ ಇರುವುದನ್ನು ತೆಗೆದುಕೊಳ್ಳಿ. ರಸ್ತೆ, ಹೊಳೆ, ಕುಳಿ ಎಲ್ಲ ಮುದ್ರಿಸಿದ ಮ್ಯಾಟ್ ಮೊದಲ ನೋಟಕ್ಕೆ ಸೆಳೆಯುತ್ತದೆ, ಆದರೆ ಪ್ರತಿ ಆಟದಲ್ಲೂ ಹೊಳೆ ಅಲ್ಲೇ ಇರುತ್ತದೆ. ಸಾದಾ ನೆಲದ ಮೇಲೆ ರಸ್ತೆ, ಹೊಳೆ ಬೇರೆ ತುಂಡುಗಳಾಗಿದ್ದರೆ ಪ್ರತಿ ಸಲ ಹೊಸ ಊರು. ಲೇಟೆಕ್ಸ್ ರಬ್ಬರಿನ ಹೊಳೆ, ರಸ್ತೆಗಳು ಗುಡ್ಡದ ಮೇಲೂ ಬಾಗಿ ಕೂರುತ್ತವೆ. ಅವನ್ನು ಬಿಸಿಲಿಗೆ ಇಡಬೇಡಿ, ಬಿರುಕು ಬಿಡುತ್ತವೆ.

ಪ್ರಶ್ನೆ: ನಿಜವಾದ ಗುಡ್ಡದ ಹಾಗೇ ಇರುವ ಸೊಗಸಾದ ಗುಡ್ಡ ತಂದೆ. ಬೊಂಬೆಗಳು ನಿಲ್ಲುವುದೇ ಇಲ್ಲ, ಜಾರಿ ಬೀಳುತ್ತವೆ. ಮರಗಳ ನಡುವೆಯೂ ಹಾಗೇ.

ಎರಡಕ್ಕೂ ಕಾರಣ ಒಂದೇ. ಅವು ನೋಡಲು ಮಾಡಿದವು, ಆಡಲು ಮಾಡಿದವಲ್ಲ. ಆಡುವವರಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ, ಮೇಲ್ಭಾಗ ಚಪ್ಪಟೆ ಇರುವ ಗುಡ್ಡ ಬೇಕು. ನೋಡಲು ಸ್ವಲ್ಪ ಕೃತಕ ಅನ್ನಿಸಿದರೂ ಆಟ ಶುರುವಾದ ಮೇಲೆ ಅದು ಯಾರ ಗಮನಕ್ಕೂ ಬರುವುದಿಲ್ಲ. ನೀವು ತಂದ ಗುಡ್ಡವನ್ನು ಟೇಬಲ್‌ನ ಅಂಚಿಗೆ ಸರಿಸಿ, ಅಲ್ಲಿ ಅದು ಯಾರೂ ಹತ್ತದ ಬೆಟ್ಟವಾಗಿ ಚೆನ್ನಾಗಿ ಕಾಣುತ್ತದೆ, ನೋಟ ತಡೆಯುವ ಕೆಲಸವನ್ನೂ ಮಾಡುತ್ತದೆ.

ಮರಗಳನ್ನು ಒಂದೊಂದಾಗಿ, ಪುಟ್ಟ ತೂಕದ ಬೇಸ್ ಇರುವಂಥವನ್ನು ಕೊಳ್ಳಿ. ಹಸಿರು ಬಟ್ಟೆ ಅಥವಾ ತೆಳು ಹಲಗೆಯಿಂದ ಕಾಡಿನ ಆಕಾರ ಕತ್ತರಿಸಿ ಇಡಿ, ಅದರ ಅಂಚೇ ಕಾಡಿನ ಗಡಿ. ಮರಗಳು ಅದರ ಮೇಲೆ ಸುಮ್ನೆ ನಿಂತಿರುತ್ತವೆ. ಸೈನ್ಯ ಕಾಡಿಗೆ ಹೊಕ್ಕಾಗ ಮರ ಎತ್ತಿ ಪಕ್ಕಕ್ಕೆ ಇಡಿ, ಗಡಿ ಎಲ್ಲಿದೆ ಅಂತ ಜಗಳ ಬರುವುದಿಲ್ಲ.

ಪ್ರಶ್ನೆ: ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿದ ಮನೆಗಳನ್ನು ಮಾರುತ್ತಾರೆ. ತೆಗೆದುಕೊಳ್ಳಬಹುದಾ?

ಧಾರಾಳವಾಗಿ. ವಿನ್ಯಾಸ ಮಾಡಿದವರಿಂದ ಮಾರುವ ಅನುಮತಿ ಇದೆಯಾ ಅಂತ ಕೇಳಿ, ಅದು ನ್ಯಾಯ. ಗೋಡೆಯ ಮೇಲೆ ಪದರದ ಗೆರೆಗಳು ಎಷ್ಟು ಕಾಣುತ್ತವೆ ಅಂತ ಹತ್ತಿರದ ಫೋಟೋ ತರಿಸಿ ನೋಡಿ. ಒರಟು ಕಲ್ಲು, ಮರದ ಹಲಗೆಯ ಗೋಡೆಯಲ್ಲಿ ಅವು ಮುಚ್ಚಿಹೋಗುತ್ತವೆ, ನುಣುಪಾದ ಗುಮ್ಮಟದ ಮೇಲೆ ಎದ್ದು ಕಾಣುತ್ತವೆ. ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ.

ಪ್ರಶ್ನೆ: ಮನೆಯಲ್ಲಿ ಇಡಲು ಜಾಗ ಇಲ್ಲ. ಮೊದಲು ಏನೇನು ಕೊಳ್ಳಲಿ?

ಚದುರಿಸಿ ಇಡುವ ಚಿಕ್ಕ ವಸ್ತುಗಳಿಂದ ಶುರು ಮಾಡಬೇಡಿ. ಪೀಪಾಯಿ, ಪೆಟ್ಟಿಗೆ, ಗಾಡಿ ಇವೆಲ್ಲ ಮುದ್ದಾಗಿರುತ್ತವೆ, ಕೈ ಮೊದಲು ಅಲ್ಲಿಗೇ ಹೋಗುತ್ತದೆ, ಆದರೆ ಅವು ಯಾರನ್ನೂ ಮರೆಮಾಡುವುದಿಲ್ಲ. ಮೊದಲು ಮ್ಯಾಟ್. ಆಮೇಲೆ ನೋಟ ತಡೆಯುವ ಎರಡು ಮೂರು ಕಟ್ಟಡ ಅಥವಾ ಪಾಳು. ಆಮೇಲೆ ಒಂದು ಕಾಡಿಗಾಗುವಷ್ಟು ಮರ, ಉದ್ದಕ್ಕೆ ಇಡಲು ಕೆಲವು ಅಡ್ಡಗೋಡೆ ಅಥವಾ ಬೇಲಿ. ಇಷ್ಟರಲ್ಲಿ ವರ್ಷಪೂರ್ತಿ ಆಡಬಹುದು. ಪೀಪಾಯಿಗಳ ಸರದಿ ಅದಾದ ಮೇಲೆ.

ಜಾಗದ ಮಟ್ಟಿಗೆ ಹೇಳುವುದಾದರೆ ಛಾವಣಿ ಬಿಚ್ಚುವ ಮನೆಗಳು ವರ. ದೊಡ್ಡದರ ಒಳಗೆ ಚಿಕ್ಕದು ಕೂರುತ್ತದೆ. ಅಂಟಿಸುವ ಮೊದಲು, ಮಹಡಿಗಳನ್ನು ಬೇರೆಬೇರೆಯಾಗಿಯೇ ಬಿಟ್ಟು ಮೂಲೆಗೆ ಪುಟ್ಟ ಅಯಸ್ಕಾಂತ ಹಾಕಲು ಬರುತ್ತದಾ ನೋಡಿ. ಹೊರಗೆ ಒಯ್ಯುವವರು ಡಬ್ಬಿಯ ತಳದಲ್ಲಿ ರೆಸಿನ್, ಮೇಲೆ ಎಂಡಿಎಫ್, ಎಲ್ಲಕ್ಕಿಂತ ಮೇಲೆ ಮರಗಳನ್ನು ಇಡಿ.

ಪ್ರಶ್ನೆ: ಹೊಸ ಪಾಳುಮನೆ ತಂದ ಮೇಲೆ ಪ್ರತಿ ಆಟದಲ್ಲೂ ಜಗಳ. ಕಿಟಕಿಯ ಸಂದಿಯಿಂದ ಬೊಂಬೆಯ ಕಾಲು ಕಾಣುತ್ತದೆ, ಹೊಡೆಯಬಹುದು ಅಂತ ಒಬ್ಬ, ಆಗದು ಅಂತ ಇನ್ನೊಬ್ಬ.

ತಪ್ಪು ಮನೆಯದ್ದಲ್ಲ. ಕೆಲವು ಆಟಗಳಲ್ಲಿ ಬೊಂಬೆಯ ಕಣ್ಣಿನಿಂದ ನಿಜವಾಗಿ ಏನು ಕಾಣುತ್ತದೋ ಅದೇ ಲೆಕ್ಕ. ಇನ್ನು ಕೆಲವು ಆಟಗಳಲ್ಲಿ ಪಾಳು ನಿಂತ ಇಡೀ ಜಾಗವನ್ನೇ ಮರೆ ಅಂತ ಎಣಿಸುತ್ತಾರೆ, ಕಿಟಕಿ ತೆರೆದಿದ್ದರೂ ಆಚೆ ಬದಿ ಕಾಣಿಸುವುದಿಲ್ಲ. ಕೊಳ್ಳುವಾಗ ನಿಮ್ಮ ಆಟ ಯಾವ ಬಗೆಯದ್ದು ಅಂತ ಗೊತ್ತಿದ್ದರೆ ಒಳ್ಳೆಯದು. ಮೊದಲ ಬಗೆಯ ಆಟಕ್ಕೆ ನೆಲ ಅಂತಸ್ತಿನ ಕಿಟಕಿಗಳು ಮುಚ್ಚಿರುವ ಪಾಳು ನೋಡಿ, ಇಲ್ಲದಿದ್ದರೆ ಒಳಗಿನಿಂದ ಕಪ್ಪು ಕಾರ್ಡ್ ಅಂಟಿಸಿ. ಎರಡನೇ ಬಗೆಗೆ ಪಾಳಿನ ಅಡಿಯಲ್ಲಿ ಸ್ಪಷ್ಟ ಅಂಚಿರುವ ತಳ ಇರಲೇಬೇಕು, ಇಲ್ಲದಿದ್ದರೆ ಜಾಗ ಎಲ್ಲಿ ಮುಗಿಯಿತು ಅಂತ ಮತ್ತೆ ಜಗಳ.

ಇನ್ನು ಮುಂದೆ ಬೊಂಬೆ ಇಡುವ ಮೊದಲು ಇಬ್ಬರೂ ಟೇಬಲ್ ಸುತ್ತ ಒಂದು ಸುತ್ತು ಹೋಗಿ ಪ್ರತಿ ತುಂಡನ್ನೂ ಬೆರಳಿಟ್ಟು ತೋರಿಸಿ ಮಾತಾಡಿಕೊಳ್ಳಿ. ಇದು ಹತ್ತಬಹುದಾ, ಇದರ ಆಚೆ ಕಾಣುತ್ತದಾ, ಇದು ಗಟ್ಟಿ ಮರೆಯೋ ಹಗುರ ಮರೆಯೋ, ಟ್ಯಾಂಕ್ ಇದನ್ನು ದಾಟುತ್ತದಾ. ಬೇಲಿ, ಬಾವಿ, ಹೊಲದ ಅಂಚು ಕೂಡ ಬಿಡಬೇಡಿ. ಐದು ನಿಮಿಷ ಹಿಡಿಯುತ್ತದೆ.